ಮಿಕ್ಕ ಜಲ್ಲಿ

ಬಸವಪ್ರಸಾದ ದಾರದ ಒಂದು ತುದಿಯನ್ನು ಅಣ್ಣನ ಹಿಮ್ಮಡಿಗೆ ಒತ್ತಿ ಹಿಡಿದು, ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡು, ಇನ್ನೊಂದು ತುದಿಯನ್ನು ಪಾದದುದ್ದಕ್ಕೂ ಎಳೆದ. ಪಾದಕ್ಕೆ ಸುತ್ತಿದ್ದ ಬಟ್ಟೆ ಕೈಗೆ ಎಲ್ಲಿ ಮುಗಿಯಿತೋ ಅಲ್ಲಿ ದಾರಕ್ಕೆ ಗಂಟು ಹಾಕಿದ.

"ಆಯ್ತಾ?" ಎಂದರು ಅಯ್ಯನವರು ಕುಮಾರಸ್ವಾಮಿ.

"ಆಯ್ತು ಅಯ್ನೋರೆ."

"ಗುಂಡಿ ಒಂಬತ್ತು ಪಾದ. ಕೂರ್ಸೋ ಗೂಡು ಮೂರು ಪಾದ. ದಾರಾನ ಬೋರಯ್ಯನ ಕೈಗೆ ಕೊಟ್ಟು ಕಳ್ಸಪ್ಪ, ಬಿಸ್ಲು ಏರೋದ್ರೊಳ್ಗೆ ಅಗ್ದು ಮುಗಿಸ್ಬುಡ್ಲಿ."

ಸತ್ತವರ ಗುಂಡಿಯನ್ನು ಸತ್ತವರ ಪಾದದಿಂದಲೇ ಅಳೆಯುವುದು ಅವರಲ್ಲಿ ಹಿಂದಿನಿಂದ ನಡೆದುಬಂದದ್ದು. ನೀಲಕಂಠಸ್ವಾಮಿ ಜಗಲಿಯ ಮೇಲೆ ಹಲಗೆಗೆ ಬಿಗಿಸಿಕೊಂಡು, ಹಣೆ ತುಂಬ ವಿಭೂತಿ ಬಳಿಸಿಕೊಂಡು, ಚಕ್ಕಳಮಕ್ಕಳ ಹಾಕಿ ಕೂತಿದ್ದ. ಬದುಕಿದ್ದಾಗ ಇಷ್ಟು ನೆಟ್ಟಗೆ ಕೂತವನಲ್ಲ. ಮೇಲೆ ಬಂದಿದ್ದ ಬಲಗಾಲಿಗೆ ಹೆಂಡತಿ ನಾಗಲಕ್ಷ್ಮಿ ಬೆಳಿಗ್ಗೆ ತಾನೇ ಹೊಸ ಬಿಳಿ ಬಟ್ಟೆ ಸುತ್ತಿದ್ದಳು. ಸಕ್ಕರೆ ಕಾಯಿಲೆಗೆ ಬೆರಳುಗಳನ್ನೆಲ್ಲ ತೆಗೆಸಿಕೊಂಡಿದ್ದ ಕಾಲನ್ನು ಬಂದವರೆಲ್ಲ ನೋಡುವುದು ಅವಳಿಗೆ ಬೇಕಿರಲಿಲ್ಲ. ಅವಳು ಹೆದರಬೇಕಾಗಿರಲಿಲ್ಲ. ಸಾವಿನ ಮನೆಗೆ ಬಂದವರು ಮೊದಲು ಹೆಣದ ಮುಖ ನೋಡುತ್ತಾರೆ, ಆಮೇಲೆ ಹೆಂಡತಿಯ ಮುಖ ನೋಡುತ್ತಾರೆ; ಕಾಲಿಗೆ ಬಿದ್ದವರೂ ಕಾಲನ್ನು ನೋಡುವುದಿಲ್ಲ.

ಬಸವಪ್ರಸಾದ ಈ ಅಂಗಳ ತುಳಿದು ಎರಡು ವರ್ಷವಾಗಿತ್ತು. ಚಂದಕವಾಡಿಯಿಂದ ಬಂದಿದ್ದ ಸೋದರತ್ತೆ ದೊಡ್ಡಮಲ್ಲಮ್ಮ ಅವನನ್ನು ಸುಮ್ಮನೆ ಬಿಡಲಿಲ್ಲ.

"ಬಂದ್ಯಾ ಮಗಾ? ಅವ್ನು ಇದ್ದಾಗ ಬಂದಿದ್ರೆ ಒಂದು ಲೋಟ ಕಾಪಿನಾದ್ರೂ ಸಿಕ್ಕೋದು. ಈಗ ನೋಡು, ಒಲೆ ಹಚ್ಚಂಗಿಲ್ಲ."

ಅವನು ಗೇಟಿನ ಪಕ್ಕದ ಜಲ್ಲಿ ಗುಡ್ಡೆಯ ಕಡೆ ನೋಡಿದ. ಗುಡ್ಡೆಯ ಮೇಲೆ ಹುಲ್ಲು ಬೆಳೆದಿತ್ತು. ಶಾಮಿಯಾನದ ಕೆಳಗೆ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂತಿದ್ದವರೂ ಅದನ್ನೇ ನೋಡುತ್ತಿದ್ದರು.

"ಕ್ರಷರ್‌ನೋರು ಹಾರ ಕಳ್ಸವ್ರೇನ್ಲಾ?" ಎಂದ ಮಾದೇಶ. ಅವನದು ಗುಂಡ್ಲುಪೇಟೆ ಬಸ್ ಸ್ಟ್ಯಾಂಡಿನಲ್ಲಿ ಹೂವಿನಂಗಡಿ. ಇವತ್ತಿನ ಹಾರಗಳೆಲ್ಲ ಅವನವೇ.

"ಕಳ್ಸದೆ ಇದ್ದರಾ? ಎಷ್ಟು ಲೋಡು ಜಲ್ಲಿ ಎಚ್ಗೆ ಮಾರ್ಕೊಟ್ಟಿಲ್ಲ ಅವ್ರಿಗೆ" ಎಂದ ಪಕ್ಕದವನು.

ನಾಗಲಕ್ಷ್ಮಿಗೆ ಕೇಳಿಸಿತು. ಗಂಡ ಮಣ್ಣಿಗೆ ಹೋಗುವುದರೊಳಗೆ ಯಾರಾದರೂ ಒಬ್ಬರು, ಇವನು ಕಳ್ಳನಲ್ಲ ಅನ್ನಬೇಕಿತ್ತು. ಅಷ್ಟು ಸಾಕಿತ್ತು ಅವಳಿಗೆ. ಆದರೆ ಆ ಮಾತನ್ನು ಎದ್ದು ತಾನೇ ಹೇಳೋಣವೆಂದರೆ ನಾಲಿಗೆ ಏಳುತ್ತಿರಲಿಲ್ಲ.

*

ಬಂಡೀಪುರದ ದಾರಿಯಲ್ಲಿ ರೆಸಾರ್ಟುಗಳು ಎದ್ದಾಗಿನಿಂದ ಅಣ್ಣತಮ್ಮಂದಿರದು ಅದೇ ಕಸುಬು. ಕಾಡು ನೋಡಲು ಬಂದವರ ಕಾಲಿಗೆ ಮಣ್ಣು ಮೆತ್ತದಂತೆ ದಾರಿಗೆ ಜಲ್ಲಿ ಹಾಸುವುದು, ಗಿಡಗಳ ಬುಡಕ್ಕೆ ತೆಂಗಿನ ಸಿಪ್ಪೆಯ ಚೂರು ಹೊದಿಸುವುದು. ಎಷ್ಟು ಬೇಕೆಂದು ಅಂದಾಜು ಹಾಕುವವನು ಅಣ್ಣ, ತರಿಸುವವನು ತಮ್ಮ, ಹರಡುವವನು ಬೋರಯ್ಯ.

ನೀಲಕಂಠಸ್ವಾಮಿ ಟೇಪು ಮುಟ್ಟುತ್ತಿರಲಿಲ್ಲ. "ಮೆಟ್ಟು ಹಾಕ್ಕಂಡು ಭೂಮಿ ಅಳೀಬಾರ್ದು ಕಣ" ಎಂದು ಚಪ್ಪಲಿ ಬಿಟ್ಟು, ಒಂದು ಕಾಲಿನ ಬೆರಳಿಗೆ ಇನ್ನೊಂದರ ಹಿಮ್ಮಡಿ ತಾಗಿಸಿ ತಾಗಿಸಿ ಉದ್ದ ಎಣಿಸುತ್ತಿದ್ದ, ಅಗಲ ಎಣಿಸುತ್ತಿದ್ದ, ದಪ್ಪಕ್ಕೆ ನಾಲ್ಕು ಬೆರಳು ಹಿಡಿಯುತ್ತಿದ್ದ. ಆಮೇಲೆ ಸ್ವಲ್ಪ ಹೊತ್ತು ಆಕಾಶ ನೋಡಿ, ಇಷ್ಟು ಲೋಡು ಎನ್ನುತ್ತಿದ್ದ. ಹೆಚ್ಚುಕಡಿಮೆ ಸರಿಹೋಗುತ್ತಿತ್ತು. ಹೋಗದಿದ್ದರೆ ಬೋರಯ್ಯ ಸಲಿಕೆಯಲ್ಲಿ ತೆಳ್ಳಗೋ ದಪ್ಪಗೋ ಎಳೆದು ಅಣ್ಣನ ಮರ್ಯಾದೆ ಕಾಯುತ್ತಿದ್ದ.

ಮೈಸೂರಿನ ಆಸ್ಪತ್ರೆಯಿಂದ ಬಂದ ಮೇಲೆ ಜಲ್ಲಿ ಮಿಗತೊಡಗಿತು. ಸ್ವಲ್ಪಸ್ವಲ್ಪವಲ್ಲ, ಗುಡ್ಡೆಗಟ್ಟಲೆ. ಆಸ್ಪತ್ರೆ ಖರ್ಚು ಹುಟ್ಟಿಸ್ಕೊಳ್ತಾವ್ನೆ ಎಂದರು ಊರಿನವರು. ಲೆಕ್ಕ ಸುಲಭವಾಗಿ ಕೂತಿದ್ದರಿಂದ ಎಲ್ಲರಿಗೂ ಹಿಡಿಸಿತು. ಕೊನೆಗೊಂದು ರೆಸಾರ್ಟಿನ ಮ್ಯಾನೇಜರು ಸುಧಾಕರ್, ಕೆಲಸದವರೆಲ್ಲರ ಎದುರಿಗೆ, ಲೋಡಿಗೆ ಎಷ್ಟು ಕಮಿಷನ್ನು ಎಂದು ಕೇಳಿಯೇಬಿಟ್ಟ. ನೀಲಕಂಠಸ್ವಾಮಿ ತಮ್ಮನ ಮುಖ ನೋಡಿದ.

"ಕದಿಯೋದಾದ್ರೆ ನಂಗೂ ಒಂದು ಮಾತು ಹೇಳ್ಬುಟ್ಟು ಕದಿ" ಎಂದ ಬಸವಪ್ರಸಾದ.

ಮಿಕ್ಕ ಜಲ್ಲಿಯನ್ನು ಟ್ರ್ಯಾಕ್ಟರಿಗೆ ತುಂಬಿಸಿ ಅಣ್ಣನ ಗೇಟಿನ ಪಕ್ಕ ಸುರಿಸಿ ಹೋದವನು ಮತ್ತೆ ಬರಲಿಲ್ಲ.

ಆ ಸಂಜೆ ನೀಲಕಂಠಸ್ವಾಮಿ ಆಸ್ಪತ್ರೆಯಲ್ಲಿ ಕೊಟ್ಟಿದ್ದ ಕಾಲಿನ ಬೂಟು ಬಿಚ್ಚಿಟ್ಟು ತನ್ನ ಮನೆಯ ಅಂಗಳವನ್ನೇ ಅಳೆದ. ಗೇಟಿನಿಂದ ಗೋಡೆಗೆ, ಗೋಡೆಯಿಂದ ಗೇಟಿಗೆ, ಮತ್ತೆ ಗೋಡೆಗೆ. ನಾಗಲಕ್ಷ್ಮಿ ಬಾಗಿಲಲ್ಲಿ ನಿಂತು ನೋಡಿದಳು.

"ನಾಗೂ, ಈ ಅಂಗಳ ಏನಾರ ದೊಡ್ಡದಾಗದಾ?"

"ಅಂಗಳ ಎಲ್ಲಾರ ಬೆಳ್ದದಾ? ಒಳೀಕೆ ಬನ್ನಿ, ಮುದ್ದೆ ಆರೋಯ್ತದ."

"ಮನೆ ಕಟ್ದಾಗ ನಾನೇ ಅಳ್ದಿದ್ದೆ ಕಣ. ಇಷ್ಟು ಇರ್ನಿಲ್ಲ."

ಎಷ್ಟು ಚೆನ್ನಾಗಿ ಆಡ್ತಾರೆ ನಾಟಕ ಎಂದು ಅವಳಿಗೆ ಅನಿಸಿತು. ಬಾಯಿಬಿಟ್ಟು ಅನ್ನಲಿಲ್ಲ. ಸಾರು ಬಡಿಸುವಾಗ ಅವನು ತಲೆಯೆತ್ತಿ ಅವಳನ್ನು ನೋಡಿದ, ಇನ್ನೆರಡು ತುತ್ತು ತಿಂದು ಎದ್ದ. ಆಮೇಲೆ ಅವನು ಏನನ್ನೂ ಅಳೆಯಲಿಲ್ಲ.

*

ಚೆಂಡುಹೂವಿನ ಹೊಲದ ಅಂಚಿಗೆ ಹೆಣ ಬಂದಾಗ ಬೋರಯ್ಯ ಗುಂಡಿಯ ಪಕ್ಕ ತಲೆ ಕೆರೆಯುತ್ತಾ ನಿಂತಿದ್ದ.

"ಸ್ವಾಮೇರ ಗುಂಡಿ ಯಾಕೋ ಸಣ್ಣದಾಯ್ತು ಬುದ್ಧಿ. ದಾರ ಹೆಂಗಿತ್ತೋ ಹಂಗೇ ಅಗ್ದಿದ್ದೀನಿ."

"ಕೂರ್ಸಿ ನೋಡನ" ಎಂದರು ಅಯ್ಯನವರು.

ಗುಂಡಿಗೆ ಹೇಗೋ ಇಳಿಸಿದರು. ಗೂಡಿನೊಳಕ್ಕೆ ತಳ್ಳುವಾಗ ಎರಡೂ ಮಂಡಿ ಅಂಚಿಗೆ ಸಿಕ್ಕಿಕೊಂಡವು. ಓರೆ ಮಾಡಿ ನೋಡಿದರು. ಹಾರ ಹರಿಯಿತು, ತಲೆ ವಾಲಿತು. ಒಳಗಿದ್ದವನೊಬ್ಬ ಮಂಡಿಯನ್ನು ಅದುಮಲು ಹೋದ.

"ಅದುಮ್ಬೇಡ್ರಿ" ಎಂದಳು ನಾಗಲಕ್ಷ್ಮಿ.

ಅಯ್ಯನವರು ಬಸವಪ್ರಸಾದನ ಕಡೆ ತಿರುಗಿದರು. "ದಾರ ಯಾರ ಪಾದದ್ದಪ್ಪ?"

"ಅಣ್ಣಂದೇ."

"ಅಣ್ಣಂದೇ ಸರಿ. ಯಾವ ಪಾದದ್ದು?"

ಬಸವಪ್ರಸಾದ ಬಟ್ಟೆ ಸುತ್ತಿದ ಬಲಗಾಲಿನ ಕಡೆ ನೋಡಿದ. ಹೆಣವನ್ನು ಮತ್ತೆ ಮೇಲೆತ್ತಿ ದಂಡೆಯ ಮೇಲೆ ಕೂರಿಸಿದರು. ನಾಗಲಕ್ಷ್ಮಿ ಬೋರಯ್ಯನ ಕೈಯಿಂದ ದಾರ ಇಸಿದುಕೊಂಡು ಬಂದು, ಬೆಳಿಗ್ಗೆ ತಾನು ಸುತ್ತಿದ್ದ ಬಟ್ಟೆಯನ್ನು ಬಿಚ್ಚಿದಳು. ಬೆರಳಿಲ್ಲದ ಬಲಗಾಲಿಗೆ ದಾರ ಸರಿಯಾಗಿ ಕೂತಿತು. ಎಡಗಾಲಿಗೆ ಹಿಡಿದಳು. ನಾಲ್ಕು ಬೆರಳಿನಷ್ಟು ಸಾಲದಾಯಿತು. ಅವಳು ದಾರ ಹಿಡಿದುಕೊಂಡು ಹಾಗೇ ಕೂತುಬಿಟ್ಟಳು.

"ಎದ್ದೇಳವ್ವ, ಇನ್ನೊಂದು ಅಳ್ತೆ ತಕ್ಕಂಡ್ರಾಯ್ತು" ಎಂದಳು ದೊಡ್ಡಮಲ್ಲಮ್ಮ.

"ಜಲ್ಲೀನೂ ಈ ಕಾಲಲ್ಲೇ ಅಳ್ದವ್ರೆ" ಎಂದಳು ನಾಗಲಕ್ಷ್ಮಿ. ಹೇಳಿದ್ದು ಬಸವಪ್ರಸಾದನಿಗೆ.

"ಏನಂತಾಳೆ ಇವ್ಳು?" ಎಂದಳು ದೊಡ್ಡಮಲ್ಲಮ್ಮ.

ಬೋರಯ್ಯ ಗುದ್ದಲಿ ಕೆಳಗಿಟ್ಟ. "ಗಿಡ್ಡ ಕಾಲಲ್ಲಿ ಎಣ್ಸುದ್ರೆ ಎಣ್ಕೆ ಎಚ್ಚಾಯ್ತದ ಕಣವ್ವ. ಉದ್ದಾನೂ ಎಚ್ಚು, ಅಗ್ಲಾನೂ ಎಚ್ಚು. ಜಲ್ಲಿ ಮಿಗ್ದೆ ಇನ್ನೇನಾದದು?"

"ನೀ ಜೊತೇಲೇ ಇದ್ಯಲ್ಲ, ನಿಂಗ್ ಕಾಣ್ನಿಲ್ವಾ?" ಎಂದು ದೊಡ್ಡಮಲ್ಲಮ್ಮನೇ ಕೇಳಿದಳು.

"ಎಷ್ಟು ಲೋಡು ಅಂದರು ಅಂತ ಬಾಯಿ ನೋಡ್ತಿದ್ದೆ ಕಣವ್ವ. ಕಾಲು ಯಾರು ನೋಡರು?"

ಮಾದೇಶ ಹರಿದ ಹಾರವನ್ನು ಎತ್ತಿಕೊಂಡು ಅದರ ಗಂಟು ಸರಿಮಾಡತೊಡಗಿದ. ನಾಗಲಕ್ಷ್ಮಿ ಮೈದುನನ ಬಾಯಿಯನ್ನೇ ನೋಡುತ್ತಿದ್ದಳು.

"ಗೂಡು ಅಗ್ಲ ಮಾಡು ಬೋರಯ್ಯ" ಎಂದ ಬಸವಪ್ರಸಾದ. "ಹೊತ್ತಾಯ್ತದ."

ಅಷ್ಟೇ ಹೇಳಿದ್ದು. ಆಮೇಲೆ ತಾನೇ ಗುಂಡಿಗಿಳಿದು ಗುದ್ದಲಿ ಹಿಡಿದ.

ಎರಡನೆಯ ಸಲ ನೀಲಕಂಠಸ್ವಾಮಿ ಒಳಗೆ ಸಲೀಸಾಗಿ ಕೂತ. ವಿಭೂತಿ, ಪತ್ರೆ, ಮೇಲೆ ಮಣ್ಣು. ಮುಚ್ಚಿ ತುಳಿದು ಗುಡ್ಡೆ ಮಾಡಿದ ಮೇಲೂ ಎರಡು ಮಂಕರಿ ಮಣ್ಣು ಉಳಿಯಿತು.

"ಹೋಗ್ವಾಗ್ಲೂ ಮಿಗ್ಸೇ ಹೋದ" ಎಂದ ಹಿಂದಿನಿಂದ ಯಾವನೋ, ದಾರದ ವಿಷಯ ಇನ್ನೂ ತಲುಪದಷ್ಟು ಹಿಂದೆ ನಿಂತಿದ್ದವನು. ಒಬ್ಬಿಬ್ಬರು ನಕ್ಕರು.

*

ಸಂಜೆ ಶಾಮಿಯಾನದವರು ಕುರ್ಚಿ ಜೋಡಿಸಿಕೊಂಡು ಹೋದರು. ಬಂದವರೆಲ್ಲ ಬಸ್ಸು ಹಿಡಿದರು. ದೊಡ್ಡಮಲ್ಲಮ್ಮ ಒಳಗೆ ದೀಪದ ಮುಂದೆ ತೂಕಡಿಸುತ್ತಿದ್ದಳು. ನಾಗಲಕ್ಷ್ಮಿ ಬಾಗಿಲಿಗೆ ಬಂದು ನೋಡಿದರೆ ಬಸವಪ್ರಸಾದ ಇನ್ನೂ ಗೇಟಿನ ಹತ್ತಿರವೇ ಇದ್ದ, ಜಲ್ಲಿ ಗುಡ್ಡೆಗೆ ಬೆನ್ನು ಮಾಡಿಕೊಂಡು.

"ಒಳೀಕೆ ಬಾಪ್ಪ" ಎಂದಳು.

ಅವನು ಚಪ್ಪಲಿ ಬಿಟ್ಟ. ಗೇಟಿಗೆ ಹಿಮ್ಮಡಿ ತಾಗಿಸಿ ಎಡಗಾಲಿಟ್ಟ. ಅದರ ಬೆರಳಿಗೆ ತಾಗಿಸಿ ಬಲಗಾಲಿಟ್ಟ. ಮತ್ತೆ ಎಡಗಾಲನ್ನೆತ್ತಿ ಮುಂದಿಡುವಾಗ, ಅದರ ಹಿಮ್ಮಡಿಯನ್ನು ಬಲಗಾಲಿನ ಬೆರಳುಗಳ ಮುಂದಲ್ಲ, ಬೆರಳುಗಳ ಮೇಲೆಯೇ ಊರಿದ. ಮೈಭಾರ ಬಿಟ್ಟು ಊರಿದ. ಬಾಯಲ್ಲಿ ಎಣಿಸುತ್ತಾ, ಎರಡು ಹೆಜ್ಜೆಗೊಮ್ಮೆ ತನ್ನ ಬೆರಳನ್ನು ತಾನೇ ತುಳಿದುಕೊಳ್ಳುತ್ತಾ, ಗೋಡೆಯ ಕಡೆಗೆ ಬಂದ.