ಬಿಸಿಲಿಗೆ ಒಣಗಿದ ಬೆಡ್‌ಶೀಟು

ಲಾಂಡ್ರಿ ಅಕ್ಕ ಅಂಗಡಿಗೆ ಬೀಗ ಹಾಕಿದಳು. ಎರಡು ಸಲ ಜಗ್ಗಿ ನೋಡಿ ನಾಲ್ಕು ಹೆಜ್ಜೆ ಹೋದವಳು ಮತ್ತೆ ಹಿಂದಿರುಗಿ ಬಂದು ಮೂರನೆಯ ಸಲ ಜಗ್ಗಿದಳು. ಮೂವತ್ತೆಂಟು ವರ್ಷಗಳಲ್ಲಿ ಶುಕ್ರವಾರದ ಮಧ್ಯಾಹ್ನ ಆ ಬಾಗಿಲು ಮುಚ್ಚಿದ್ದು ಅಮ್ಮ ತೀರಿಕೊಂಡ ದಿನ ಮಾತ್ರ.

"ಅದೆಲ್ಲೂ ಓಡಿಹೋಗಲ್ಲ ಬಾ ಅಕ್ಕ, ಬಸ್ಸು ತಪ್ಪುತ್ತೆ," ಎಂದಳು ತಂಗಿ.

ತಂಗಿ ದೊಡ್ಡಾಸ್ಪತ್ರೆಯಲ್ಲಿ ನರ್ಸ್ ಆಗಿದ್ದು ಹೋದ ತಿಂಗಳಷ್ಟೇ ನಿವೃತ್ತಳಾಗಿದ್ದಳು. ಜೊತೆಯ ನರ್ಸುಗಳೆಲ್ಲ ಸೇರಿ ಅವಳಿಗೊಂದು ಉಡುಗೊರೆ ಕೊಟ್ಟಿದ್ದರು: ಊರಾಚೆ ಹೊಲದ ನಡುವಿನ ಪುಟ್ಟ ಮನೆಯೊಂದರಲ್ಲಿ ಇಬ್ಬರು ಎರಡು ದಿನ ಇದ್ದು ಬರುವ ಏರ್ಪಾಟು. ಗಂಡನನ್ನು ಕೇಳಿದ್ದಳು. ಆತನಿಗೆ ಹೊಲವೆಂದರೆ ಸೊಳ್ಳೆ, ಸೊಳ್ಳೆಯೆಂದರೆ ಜ್ವರ. ಹಾಗಾಗಿ ಅಕ್ಕನ ಕೈ ಹಿಡಿದು ಎಳೆದಿದ್ದಳು.

"ಒಂದೇ ಷರತ್ತು," ಎಂದಳು ಬಸ್ಸಿನಲ್ಲಿ. "ಅಲ್ಲಿ ನೀನು ಒಂದು ಕಡ್ಡೀನೂ ಎತ್ತಿಡಬಾರದು."

"ಮತ್ತೆ ಈ ಕೈ ಇರೋದು ಯಾಕೆ?"

"ಚಹಾದ ಲೋಟ ಹಿಡಿಯೋಕೆ."

ಮನೆ ಚೆನ್ನಾಗಿಯೇ ಇತ್ತು. ಎರಡು ಕೋಣೆ, ಮುಂದೊಂದು ಜಗಲಿ, ಹಿತ್ತಲಲ್ಲಿ ಕೈಪಂಪು, ಅದರ ಪಕ್ಕದಲ್ಲಿ ನೀರಿನ ತೊಟ್ಟಿ, ಒಗೆಯುವ ಕಲ್ಲು. ಎರಡು ಕಂಬಗಳ ನಡುವೆ ಬಿಗಿಯಾಗಿ ಕಟ್ಟಿದ ತಂತಿ. ತಂಗಿ ಕಿಟಕಿ ತೆರೆದು "ಆಹಾ, ಗಾಳಿ ನೋಡು!" ಎನ್ನುವಷ್ಟರಲ್ಲಿ ಅಕ್ಕ ಮಂಚದ ಮೇಲಿನ ಬೆಡ್‌ಶೀಟಿನ ಅಂಚನ್ನು ಎರಡು ಬೆರಳಲ್ಲಿ ಉಜ್ಜಿ, ಮೂಗಿಗೆ ಹಿಡಿದಿದ್ದಳು.

"ಸೋಪು ಬಿಟ್ಟೇ ಇಲ್ಲ. ಯಾರೋ ಕಾಟಾಚಾರಕ್ಕೆ ಜಾಲಿಸಿದ್ದಾರೆ."

"ಅಕ್ಕ!"

"ಸುಮ್ನೆ ಹೇಳ್ದೆ ಕಣೇ."

ಆ ಸಂಜೆ ಜಗಲಿಯ ಮೇಲೆ ಕೂತು ಹೊಲ ನೋಡಬೇಕೆಂದು ತಂಗಿಯ ಆಸೆ. ಅಕ್ಕ ಮಾತ್ರ ಬಾಲ ಸುಟ್ಟ ಬೆಕ್ಕಿನಂತೆ ಒಳಗೂ ಹೊರಗೂ ತಿರುಗಿದಳು. ಮಡಚಿಟ್ಟಿದ್ದ ಟವೆಲುಗಳನ್ನು ಬಿಚ್ಚಿ ಮತ್ತೆ ಮಡಚಿದಳು. ಅಂಗಡಿಯಲ್ಲಿ ಮೇಷ್ಟರ ಕೋಟು ಹಾಗೇ ನೇತಾಡುತ್ತಿದೆ ಎಂದು ನಾಲ್ಕು ಸಲ ಹೇಳಿದಳು. ಐದನೆಯ ಸಲಕ್ಕೆ ತಂಗಿ, "ಮೇಷ್ಟರನ್ನೇ ಕರ್ಕೊಂಡು ಬಂದಿದ್ರೆ ಚೆನ್ನಾಗಿತ್ತು," ಎಂದು ಮುಖ ತಿರುಗಿಸಿ ಕೂತಳು.

ಶನಿವಾರ ಬೆಳಿಗ್ಗೆ ಮನೆ ನೋಡಿಕೊಳ್ಳುವ ಹೆಂಗಸು ಹಾಲು, ಮೊಟ್ಟೆ ತಂದಳು. ಇವರ ವಯಸ್ಸಿನವಳೇ. ಬಲಗೈ ಮಣಿಕಟ್ಟಿಗೆ ಹಳೆಯ ಬಟ್ಟೆ ಸುತ್ತಿಕೊಂಡಿದ್ದಳು. ಕೋಳಿಗೂಡಿನ ಹತ್ತಿರ ಜಾರಿ ಬಿದ್ದು ನಾಲ್ಕು ದಿನವಾಗಿತ್ತಂತೆ.

"ಬೆಡ್‌ಶೀಟು ಸ್ವಲ್ಪ ಹಾಗೇ ಇದೆ, ಬೇಜಾರು ಮಾಡ್ಕೋಬೇಡಿ," ಎಂದಳು. "ಒಂದೇ ಕೈಯಲ್ಲಿ ಎಷ್ಟಾಗುತ್ತೋ ಅಷ್ಟು ಜಾಲಿಸಿದೆ. ಹಿಂದಿನವರು ಬಿಟ್ಟು ಹೋದದ್ದು ಇನ್ನೂ ಒಂದು ಗಂಟು ಹಾಗೇ ಬಿದ್ದಿದೆ."

ಅಕ್ಕನ ಕಿವಿ ಬಿಸಿಯಾಯಿತು. ಕಾಟಾಚಾರ ಎಂದಿದ್ದ ತನ್ನ ನಾಲಗೆಯನ್ನು ತಾನೇ ಕಚ್ಚಿಕೊಂಡಳು. ಅಷ್ಟರಲ್ಲಿ ತಂಗಿ ಆ ಹೆಂಗಸನ್ನು ಮೆಟ್ಟಿಲ ಮೇಲೆ ಕೂರಿಸಿ, ಕಟ್ಟು ಬಿಚ್ಚಿ, ಬೆರಳುಗಳನ್ನು ಒಂದೊಂದಾಗಿ ಅಲುಗಾಡಿಸಿ ನೋಡುತ್ತಿದ್ದಳು. "ಮುರಿದಿಲ್ಲ, ಉಳುಕಿದೆ. ಇಷ್ಟು ಬಿಗಿಯಾಗಿ ಕಟ್ಟಿದ್ರೆ ರಕ್ತ ಹೇಗಮ್ಮ ಓಡಾಡಬೇಕು?" ಎನ್ನುತ್ತಾ ತನ್ನ ಚೀಲದಿಂದ ಬ್ಯಾಂಡೇಜ್ ತೆಗೆದಳು.

ಅಕ್ಕ ಸೊಂಟಕ್ಕೆ ಕೈಕೊಟ್ಟು ನಿಂತಳು. "ಷರತ್ತು ನನಗೊಬ್ಬಳಿಗೇನಾ?"

"ಇದೇನು ಕೆಲಸಾನಾ? ಎರಡು ಸುತ್ತು ಬಟ್ಟೆ."

"ಹಾಗಾದ್ರೆ ನಂದೂ ಬಟ್ಟೇನೇ," ಎಂದವಳೇ ಬೆಡ್‌ಶೀಟಿನ ಗಂಟು ಎಲ್ಲಿದೆಯೆಂದು ಕೇಳಿ, ಹೊತ್ತು ತಂದು ಹಿತ್ತಲಿಗೆ ನಡೆದಳು. ಆ ಹೆಂಗಸು ಬೇಡ ಬೇಡವೆಂದರೂ ಕೇಳುವವರು ಯಾರು!

ಅಂಗಡಿಯಲ್ಲಿ ಮೂರು ಮೆಷಿನ್ನುಗಳಿದ್ದವು. ಕಲ್ಲಿನ ಮೇಲೆ ಬಟ್ಟೆ ಒಗೆದು ಅವಳಿಗೆ ಇಪ್ಪತ್ತು ವರ್ಷವಾಗಿತ್ತು. ಮೊದಲ ಏಟಿಗೆ ನೀರೆಲ್ಲ ಮುಖಕ್ಕೇ ಹಾರಿತು. ಎರಡನೆಯದಕ್ಕೆ ತೋಳು ಹಳೆಯ ದಾರಿ ಹಿಡಿಯಿತು. ಕಾಲಡಿ ತಣ್ಣನೆಯ ನೀರು, ಬೆನ್ನ ಮೇಲೆ ಎಳೆ ಬಿಸಿಲು. ನೆನೆದ ಕಲ್ಲಿನ ವಾಸನೆ ಮೂಗಿಗೆ ಬಡಿದಾಗ ಅವಳ ಕೈ ಒಂದು ಕ್ಷಣ ನಿಂತಿತು. ಅಮ್ಮನ ಹಿತ್ತಲ ವಾಸನೆ ಅದು. ಎಷ್ಟೋ ವರ್ಷ ಅವಳಿಗೆ ನೆನಪೇ ಆಗಿರಲಿಲ್ಲ.

"ಹಿಂಡೋಕೆ ಇನ್ನೊಬ್ಬರು ಬೇಕು, ಬಾರೇ!"

ತಂಗಿ ಗೊಣಗುತ್ತಲೇ ಬಂದು ಬೆಡ್‌ಶೀಟಿನ ಇನ್ನೊಂದು ತುದಿ ಹಿಡಿದಳು. ಅಕ್ಕ ತಿರುಚಿದಳು, ತಂಗಿಯೂ ತಿರುಚಿದಳು. ಬೆಡ್‌ಶೀಟು ಹಗ್ಗದಂತೆ ಉರುಳಿತೇ ಹೊರತು ಒಂದು ಹನಿ ನೀರೂ ಬೀಳಲಿಲ್ಲ.

"ಅಯ್ಯೋ, ಈಗಲೂ ಹಾಗೇ!" ಎಂದಳು ಅಕ್ಕ. "ಇಬ್ಬರೂ ಒಂದೇ ಕಡೆ ತಿರುಗಿಸಿದ್ರೆ ನೀರು ಎಲ್ಲಿಂದ ಬರುತ್ತೆ?"

"ಎದುರಿಗೆ ನಿಂತ್ರೆ ನನ್ನ ಕೈ ನೀನು ಮಾಡಿದ ಹಾಗೇ ಮಾಡುತ್ತೆ. ನಾನೇನು ಮಾಡ್ಲಿ?"

ಆರು ವರ್ಷದವಳಾಗಿದ್ದಾಗಲೂ ಅವಳು ಇದನ್ನೇ ಹೇಳಿದ್ದಳು. ಅಮ್ಮ ಆಗ ಕಲ್ಲಿಗೊರಗಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದಳು. ಅಪ್ಪ ಬಿಟ್ಟುಹೋದ ಮೇಲೆ ಅಮ್ಮ ಹಾಗೆ ನಕ್ಕಿದ್ದನ್ನು ಇಬ್ಬರೂ ನೋಡಿದ್ದು ಅದೇ ಮೊದಲು. ಈಗ ಅಕ್ಕ ನಗತೊಡಗಿದಳು. ತಂಗಿಯೂ ಸೇರಿದಳು. ನಕ್ಕು ನಕ್ಕು ತುದಿ ಕೈಜಾರಿ ಒದ್ದೆ ಬೆಡ್‌ಶೀಟು ಮಣ್ಣಿಗೆ ಬಿತ್ತು, ಮತ್ತೆ ಒಗೆಯಬೇಕಾಯಿತು.

ಎರಡನೆಯ ಸಲ ಹಿಂಡುವಾಗ ತಂಗಿ ತಲೆ ಎತ್ತದೆ ಕೇಳಿದಳು, "ಹಾಸ್ಟೆಲಿಗೆ ತಿಂಗಳಿಗೊಂದು ಗಂಟು ಕಳಿಸ್ತಿದ್ದೆಯಲ್ಲ, ನೆನಪಿದೆಯಾ? ಯೂನಿಫಾರ್ಮು, ಬೆಡ್‌ಶೀಟು, ಎಲ್ಲ ಇಸ್ತ್ರಿ ಮಾಡಿ."

"ಬಿಡೇ, ಅದೇನು ಮಹಾ."

"ಗಂಟು ಬಿಚ್ಚಿದ ದಿನ ರೂಮಿನ ಹುಡುಗಿಯರೆಲ್ಲ ನನ್ನ ಹಾಸಿಗೆ ಮೇಲೇ ಬಿದ್ದುಕೊಳ್ತಿದ್ರು. ಬಿಸಿಲಿನ ವಾಸನೆ ಅಂತ. ನೀನು ಸ್ಕೂಲು ಬಿಟ್ಟು ಒಗೆದದ್ದು ಅಂತ ನಾನು ಯಾರಿಗೂ ಹೇಳಲಿಲ್ಲ ಅಕ್ಕ. ನಾಚಿಕೆ ಆಗ್ತಿತ್ತು. ನಿನಗೂ ಒಂದು ಮಾತು ಹೇಳಲಿಲ್ಲ."

ಬೆಡ್‌ಶೀಟಿನಿಂದ ನೀರು ಧಾರೆಯಾಗಿ ಇಳಿಯಿತು. ಅಕ್ಕ ತನ್ನ ತುದಿಯನ್ನು ಇನ್ನೊಂದು ಸುತ್ತು ತಿರುಚಿದಳು. ಆಮೇಲೆ, "ಈಗ ಸರಿಯಾಗಿ ಹಿಂಡ್ತಿದ್ದೀಯ," ಎಂದಳು.

ಮಧ್ಯಾಹ್ನದ ಹೊತ್ತಿಗೆ ಬೆಡ್‌ಶೀಟುಗಳು ಗರಿಗರಿಯಾಗಿ ಒಣಗಿದವು. ತಂಗಿ ಒಂದನ್ನು ತಂತಿಯಿಂದ ತೆಗೆದು, ಬಿಸಿ ಆರುವ ಮೊದಲೇ ಅಕ್ಕನ ಮಂಚಕ್ಕೆ ಹಾಸಿದಳು. ಆಸ್ಪತ್ರೆಯ ಹಾಸಿಗೆಯಂತೆ ನಾಲ್ಕು ಮೂಲೆಯನ್ನೂ ಚೂಪಾಗಿ ಮಡಚಿ ಸಿಕ್ಕಿಸಿದಳು. "ಮಲ್ಕೋ," ಎಂದಳು, ರೋಗಿಗೆ ಹೇಳುವ ದನಿಯಲ್ಲಿ.

ಊರಿನವರ ಬೆಡ್‌ಶೀಟನ್ನೆಲ್ಲ ಬಿಳಿ ಮಾಡಿದ ಅಕ್ಕನ ಮನೆಯಲ್ಲಿ ಅವಳ ಸ್ವಂತದ್ದಕ್ಕೆ ಸರದಿ ಬರುತ್ತಿದ್ದುದು ಕೊನೆಗೆ. ಅದನ್ನು ಹಾಸುವ ಹೊತ್ತಿಗೆ ಕಣ್ಣೆಳೆಯುತ್ತಿತ್ತು, ಅರ್ಧ ಹಾಸಿ ಬಿದ್ದುಕೊಳ್ಳುತ್ತಿದ್ದಳು. ಇನ್ನೊಬ್ಬರು ಅವಳಿಗಾಗಿ ಹಾಸಿಗೆ ಹಾಸಿದ್ದು ಅಮ್ಮನ ಕಾಲಕ್ಕೇ ಮುಗಿದಿತ್ತು. ಅವಳು ಕೆನ್ನೆಯನ್ನು ಆ ಬೆಚ್ಚಗಿನ ಬಟ್ಟೆಗೆ ಒತ್ತಿದಳು. ಕಿಟಕಿಯಾಚೆ ಕೋಳಿಯೊಂದು ಕೊಕ್ಕೊಕ್ ಎನ್ನುತ್ತಿತ್ತು. ಮೂಲೆ ಚೆನ್ನಾಗಿ ಮಡಚಿದ್ದೀಯ ಎಂದು ಹೇಳಬೇಕೆಂದುಕೊಂಡಳು. ಹೇಳುವಷ್ಟರಲ್ಲಿ ನಿದ್ದೆ ಬಂದಿತ್ತು.

ಎದ್ದಾಗ ಬಿಸಿಲು ಗೋಡೆಯಿಂದ ಇಳಿದಿತ್ತು. ತಂಗಿ ಜಗಲಿಯಲ್ಲಿ ಸೌತೆಕಾಯಿ ಹೆಚ್ಚಿಕೊಂಡು ಕೂತಿದ್ದಳು. ಅಕ್ಕ ಪಕ್ಕದಲ್ಲಿ ಕೂತು ಉಪ್ಪು ಹಚ್ಚಿದ ಹೋಳೊಂದನ್ನು ಬಾಯಿಗಿಟ್ಟಳು. ಎದುರಿನ ಹೊಲದಲ್ಲಿ ಗಾಳಿ ಸುಳಿಯುತ್ತಿತ್ತು. ಅವಳು ಆ ಸಂಜೆ ಕೋಟಿನ ಸುದ್ದಿ ಎತ್ತಲಿಲ್ಲ. ಭಾನುವಾರ ಬೆಳಗಿನ ಬಸ್ಸನ್ನು ಬೇಕೆಂದೇ ಬಿಟ್ಟು ಸಂಜೆಯ ಬಸ್ಸಿಗೆ ಹೊರಟರು.

ಈಗ ಪ್ರತಿ ತಿಂಗಳ ಕೊನೆಯ ಶನಿವಾರ ಲಾಂಡ್ರಿಗೆ ಬೀಗ. ಅಕ್ಕ ತಂಗಿಯರು ಹೊಲದ ನಡುವಿನ ಆ ಮನೆಗೇ ಹೋಗಿ ಇದ್ದು ಬರುತ್ತಾರೆ. ಗಿರಾಕಿಗಳಿಗೆ ಸಿಟ್ಟು ಬಂದು ಕ್ರಮೇಣ ಇಳಿದಿದೆ. ಒಮ್ಮೆ ಮೇಷ್ಟರು ಕೋಟು ತೆಗೆದುಕೊಳ್ಳುತ್ತಾ ಕೇಳಿದರು, "ಅಲ್ಲಮ್ಮ, ಅಂಗಡಿ ಮುಚ್ಚಿ ಅಷ್ಟು ದೂರ ಹೋಗಿ ಏನು ಮಾಡ್ತೀರಿ?"

"ಬಟ್ಟೆ ಒಗೀತೀವಿ," ಎಂದಳು ಅಕ್ಕ.

ಮೇಷ್ಟರು ತಮಾಷೆಯೆಂದುಕೊಂಡು ನಗುತ್ತಾ ಹೋದರು.