ಹದಿನಾರು ದಿನದ ರಜೆ

ಶಾಲೆಯ ಕುರ್ಚಿಗಳನ್ನು ಲಾರಿಗೆ ತುಂಬಿಸುತ್ತ ನಿಂತಿದ್ದ ಮ್ಯೊಂಗ್‌ಹೀ ಟೀಚರಿಗೆ, ಗೇಟಿನಾಚೆ ಬಸ್ಸಿನಿಂದ ನೊಲುಂಡಿ ಇಳಿದದ್ದು ಕಂಡಾಗ ಮೊದಲು ಬಂದದ್ದು ಸಿಟ್ಟು. ಎರಡು ವಾರದಿಂದ ಬಚ್ಚಿಟ್ಟುಕೊಂಡು ಬೇಯಿಸಿದ ಸಿಟ್ಟು ಅದು. ಬಂದಳಪ್ಪ ಮಹಾರಾಣಿ, ಎಲ್ಲ ಮುಗಿದ ಮೇಲೆ, ಎಂದುಕೊಂಡಳು.

ನೊಲುಂಡಿ ದಕ್ಷಿಣ ಆಫ್ರಿಕಾದವಳು. ಕೊರಿಯಾದ ಈ ಮೂಲೆಯ ಹಳ್ಳಿಗೆ ಹೋದ ಆಗಸ್ಟ್ ಕೊನೆಯಲ್ಲಿ ಒಂದು ವರ್ಷದ ಕರಾರಿನ ಮೇಲೆ ಇಂಗ್ಲಿಷ್ ಕಲಿಸಲು ಬಂದಿದ್ದಳು. ಇಂಥ ಪರದೇಶಿ ಟೀಚರಿಗೆ ಜೊತೆಗೊಬ್ಬ ಊರಿನ ಟೀಚರನ್ನು ಕಟ್ಟಿಹಾಕುವುದು ಇಲ್ಲಿನ ಪದ್ಧತಿ. ಬ್ಯಾಂಕಿನ ಪಾಸ್‌ಬುಕ್ಕು, ಹಲ್ಲಿನ ಡಾಕ್ಟರು, ಗೀಸರ್ ಕೆಟ್ಟರೆ ರಿಪೇರಿಯವನು, ಎಲ್ಲದಕ್ಕೂ ಮ್ಯೊಂಗ್‌ಹೀ. ಇಬ್ಬರ ಮಾತೂ ಇಂಗ್ಲಿಷಿನಲ್ಲೇ. ರಜೆ ಚೀಟಿಯೂ ಅವಳ ಕೈಯಿಂದಲೇ ಹೋಗಬೇಕು. ಕರಾರಿನಲ್ಲಿ ವರ್ಷಕ್ಕೆ ಇಪ್ಪತ್ತಾರು ದಿನ ಸಂಬಳಸಹಿತ ರಜೆ: ಬೇಸಿಗೆಗೆ ಹತ್ತು, ಚಳಿಗಾಲಕ್ಕೆ ಹದಿನಾರು. ಆ ಸಾಲನ್ನು ಮ್ಯೊಂಗ್‌ಹೀ ಎರಡೆರಡು ಸಲ ಓದಿದ್ದಳು. ಇಪ್ಪತ್ತೆರಡು ವರ್ಷದ ಸರ್ವಿಸಿನಲ್ಲಿ ಅವಳು ತನ್ನ ರಜೆಯನ್ನು ಒಂದು ವರ್ಷವೂ ಪೂರ್ತಿ ತೆಗೆದುಕೊಂಡವಳಲ್ಲ. ಸ್ವಂತ ಮಗಳ ಶಾಲೆಯ ಬೀಳ್ಕೊಡುಗೆಗೂ ಹೋಗಲಿಲ್ಲ, ಏಕೆಂದರೆ ಅದೇ ದಿನ ತನ್ನ ಶಾಲೆಯಲ್ಲೂ ಬೀಳ್ಕೊಡುಗೆ ಇತ್ತು. ಯಾರೂ ಹೋಗಬೇಡ ಅಂದಿರಲಿಲ್ಲ. ಯಾರಾದರೂ ಹೋಗು ಅನ್ನಲಿ ಎಂದು ಕಾದು ಕೂತಿದ್ದಳು, ಅಷ್ಟೆ.

ಸಿಟ್ಟಿಗೆ ಕಾರಣ ಬೊರಾಮ್. ಏಳು ಮಕ್ಕಳ ಶಾಲೆಯಲ್ಲಿ ಆರನೇ ಕ್ಲಾಸಿಗೆ, ಅಂದರೆ ಅಲ್ಲಿನ ಕೊನೆಯ ಕ್ಲಾಸಿಗೆ, ಇದ್ದವಳು ಅವಳೊಬ್ಬಳೇ. ತಾಯಿ ಬಿಟ್ಟುಹೋಗಿದ್ದಳು, ತಂದೆ ದೂರದ ಹಡಗು ಕಟ್ಟುವ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ, ಅಜ್ಜಿಯೇ ಸಾಕಿದ್ದಳು. ಸೆಪ್ಟೆಂಬರಿನಲ್ಲಿ ಒಂದು ದಿನ ಇಂಗ್ಲಿಷ್ ಕ್ಲಾಸಿನಲ್ಲಿ ಬೊರಾಮ್, "ನನ್ನ ಸೆಂಡಾಫಿಗೆ ಹೂವು ತರೋರು ಯಾರೂ ಇಲ್ಲ" ಎಂದು ಲೆಕ್ಕ ಒಪ್ಪಿಸುವ ಹಾಗೆ ಹೇಳಿಬಿಟ್ಟಿದ್ದಳು. ನೊಲುಂಡಿ ಅವಳ ಬೆಂಚಿನ ಪಕ್ಕ ಮಂಡಿಯೂರಿ ಕೂತು, ಕಿರುಬೆರಳಿಗೆ ಕಿರುಬೆರಳು ಹೆಣೆದು, ಹೆಬ್ಬೆರಳಿಗೆ ಹೆಬ್ಬೆರಳು ಒತ್ತಿ ಮೊಹರು ಹಾಕಿದ್ದಳು. ತಾನು ಹೂವು ತರುತ್ತೇನೆ, ಆಮೇಲೆ ಇಬ್ಬರೂ ಹೋಗಿ ಕಪ್ಪು ಸಾಸಿನ ನೂಡಲ್ಸ್ ತಿನ್ನೋಣ ಎಂದಿದ್ದಳು. ಬೀಳ್ಕೊಡುಗೆಯ ದಿನ ಆ ನೂಡಲ್ಸ್ ತಿನ್ನದ ಮಗು ಈ ದೇಶದಲ್ಲಿಲ್ಲ.

ಅಷ್ಟೆಲ್ಲ ಮೊಹರು ಹಾಕಿದವಳು ನವೆಂಬರಿನಲ್ಲಿ ರಜೆ ಚೀಟಿ ತಂದಿಟ್ಟಳು. ಜನವರಿ ಪೂರ್ತಿ ತಾಲೂಕಿನ ಇಂಗ್ಲಿಷ್ ಶಿಬಿರ, ಹಾಗಾಗಿ ಹದಿನಾರೂ ದಿನ ಫೆಬ್ರವರಿ ಐದರಿಂದ. ಬೀಳ್ಕೊಡುಗೆ ಫೆಬ್ರವರಿ ಹದಿನಾಲ್ಕಕ್ಕೆ.

"ಫೆಬ್ರವರಿನಾ? ಯೋಚನೆ ಮಾಡಿದ್ದೀರಾ?" ಎಂದು ಮ್ಯೊಂಗ್‌ಹೀ ಕೇಳಿದ್ದಳು.

"ಹೂಂ, ತುಂಬಾ ಯೋಚನೆ ಮಾಡಿದೀನಿ" ಎಂದು ನೊಲುಂಡಿ ನಕ್ಕಿದ್ದಳು.

ಅದಕ್ಕಿಂತ ಹೆಚ್ಚು ಕೇಳುವುದು ಮರ್ಯಾದೆಯಲ್ಲ ಎಂದು ಮ್ಯೊಂಗ್‌ಹೀ ಬಾಯಿ ಮುಚ್ಚಿಕೊಂಡಳು. ಹೆಡ್‌ಮಾಸ್ಟರು, "ಆ ವಾರ ಪಾಠ ಎಲ್ಲಿದೆ, ಬರೀ ಸಾಮಾನು ಕಟ್ಟೋದು ತಾನೆ, ಹೋಗಿ ಬರ್ಲಿ ಬಿಡಿ" ಎಂದು ಮೊಹರು ಒತ್ತಿದರು. ಈ ಊರಿನಲ್ಲಿ ಮರ್ಯಾದೆಯ ಹೆಸರಿನಲ್ಲಿ ಎಷ್ಟು ಬಾಯಿಗಳು ಮುಚ್ಚಿಕೊಂಡು ಕೂರುತ್ತವೆಯೋ ಆ ದೇವರೇ ಬಲ್ಲ.

ಈಗ ನೊಲುಂಡಿ ಗೇಟು ದಾಟಿ ಬರುತ್ತಿದ್ದಳು. ಒಂದು ಕೈಯಲ್ಲಿ ಕಾಗದದ ಚೀಲ, ಅದರ ಬಾಯಿಂದ ಬಣ್ಣಬಣ್ಣದ ಮಣಿಸರಗಳು ಇಣುಕುತ್ತಿದ್ದವು. ಇನ್ನೊಂದು ಕೈಯನ್ನು ಗಾಳಿಗೆ ಬೀಸುತ್ತ ನಗುತ್ತಿದ್ದಳು. ಲಾರಿ ಕಂಡದ್ದೇ ನಿಂತು, ತನಗೆ ಬಂದಷ್ಟು ಕೊರಿಯಾ ಮಾತಿನಲ್ಲಿ ಕೇಳಿದಳು.

"ಏನಿದು ಟೀಚರ್? ಹೊಸ ಕುರ್ಚಿ ಬರ್ತಾವಾ?"

ಶಾಲೆಯ ಕಾವಲಿನ ತಾಕ್ ಅಣ್ಣ ಕೈಯಲ್ಲಿದ್ದ ಕುರ್ಚಿಯನ್ನು ಹಾಗೇ ಕೆಳಗಿಟ್ಟ. "ಹೊಸ ಕುರ್ಚಿಯಂತೆ!" ಎಂದ. ಆದರೆ ನಗಲಿಲ್ಲ.

"ನಾಟಕ ಸಾಕು" ಎಂದಳು ಮ್ಯೊಂಗ್‌ಹೀ. "ಶಾಲೆ ಮುಚ್ಚಾಯ್ತು. ಎಲ್ಲ ಮುಗೀತು. ನೀವು ಆರಾಮಾಗಿ ಇದ್ರಿ ತಾನೆ ಅಲ್ಲಿ?"

"ಮುಚ್ಚಾಯ್ತು ಅಂದ್ರೆ? ಇವತ್ತು ರಜೆನಾ?"

"ಇವತ್ತಲ್ಲ, ಎಂದೆಂದಿಗೂ! ಮಕ್ಕಳಿಲ್ಲ ಅಂತ ಮುಚ್ಚಿಬಿಟ್ರು. ನಾಳಿದ್ದಿಂದ ನಾವೆಲ್ಲ ಪೇಟೆ ಶಾಲೆಗೆ. ನೀವೂ ಅಲ್ಲಿಗೇನೆ. ಗೊತ್ತಿಲ್ಲದೋರ ಹಾಗೆ ಆಡ್ಬೇಡಿ. ಅಕ್ಟೋಬರಿಂದ ಬ್ಯಾನರ್ ನೇತಾಡ್ತಿದೆ, ಕಣ್ಣಿಗೆ ಕಾಣಲ್ವಾ?"

ಗೇಟಿನ ಮೇಲೆ ಬ್ಯಾನರ್ ಇನ್ನೂ ಇತ್ತು. ತೊಂಬತ್ತೊಂದು ವರ್ಷ ನಮ್ಮನ್ನು ಬೆಳೆಸಿದ ಶಾಲೆಗೆ ನಮಸ್ಕಾರ, ಹೋಗಿ ಬರುತ್ತೇವೆ, ಎಂದು ಕೊರಿಯಾ ಅಕ್ಷರದಲ್ಲಿ, ಸುತ್ತ ಹೂವಿನ ಚಿತ್ರ. ನೊಲುಂಡಿ ಅದನ್ನೇ ನೋಡುತ್ತ ನಿಂತಳು. ಆಮೇಲೆ ಫೋನು ತೆಗೆದು ಒಂದು ಫೋಟೋ ಹುಡುಕಿ ಮ್ಯೊಂಗ್‌ಹೀ ಮುಖದ ಮುಂದೆ ಹಿಡಿದಳು. ಅದೇ ಬ್ಯಾನರಿನ ಕೆಳಗೆ ನೊಲುಂಡಿ ಎರಡೂ ಹೆಬ್ಬೆರಳು ಎತ್ತಿ, ಹಲ್ಲೆಲ್ಲ ಕಾಣುವ ಹಾಗೆ ನಗುತ್ತಿದ್ದಳು.

"ನಮ್ಮಮ್ಮಂಗೆ ಕಳಿಸಿದ್ದೆ. ನಮ್ಮ ಶಾಲೆ ಹಬ್ಬ ಅಂತ ಬರೆದಿದ್ದೆ. ಹಬ್ಬ ಅಂದ್ಕೊಂಡಿದ್ದೆ ಟೀಚರ್."



ಯಾರು ಹೇಳಿದ್ದರು ಇವಳಿಗೆ? ಮ್ಯೊಂಗ್‌ಹೀ ತಲೆಯೊಳಗೆ ಒಬ್ಬೊಬ್ಬರನ್ನಾಗಿ ನಿಲ್ಲಿಸಿ ಕೇಳಿದಳು. ಹೆಡ್‌ಮಾಸ್ಟರು ಮ್ಯೊಂಗ್‌ಹೀ ಹೇಳಿರುತ್ತಾಳೆ ಎಂದುಕೊಂಡಿದ್ದರು. ಮ್ಯೊಂಗ್‌ಹೀ ಶಿಕ್ಷಣ ಇಲಾಖೆಯ ಕಾಗದ ಹೇಳಿದೆ ಎಂದುಕೊಂಡಿದ್ದಳು. ಆ ಕಾಗದ? ಕರಾರು, ಮನೆ ಬಾಡಿಗೆ, ವಿಮೆ, ಎಲ್ಲದರ ನಡುವೆ ಸೇರಿಸಿ, "ಇಲ್ಲಿ ಸೈನ್, ಇಲ್ಲೊಂದು, ಇಲ್ಲೊಂದು" ಎಂದು ಬೆರಳಿಟ್ಟು ತೋರಿಸಿದವಳು ತಾನೇ. ಅದರಲ್ಲಿ ಒಂದಕ್ಷರ ಇಂಗ್ಲಿಷ್ ಇರಲಿಲ್ಲ. ಐದು ಜನ ದೊಡ್ಡವರಿದ್ದ ಶಾಲೆಯಲ್ಲಿ ನಾಲ್ಕು ಜನರಿಗೆ ಗೊತ್ತಿತ್ತು, ಐದನೆಯವಳಿಗೆ ಗೊತ್ತಿದೆ ಎಂದು ಆ ನಾಲ್ವರೂ ನಂಬಿದ್ದರು. ನಾಚಿಕೆಗೇಡು. ಇದಕ್ಕೆ ಬೇರೆ ಹೆಸರಿಲ್ಲ.

ನೊಲುಂಡಿ ಕಣ್ಣೊರೆಸಿಕೊಂಡು, "ಮಕ್ಕಳು?" ಎಂದಳು. "ಅವರಿಗೆ ಬೈ ಅಂತ ಕೂಡ ಹೇಳ್ಲಿಲ್ಲ ನಾನು. ಬೊರಾಮ್ ಹೇಗೂ ಸಿಗ್ತಾಳಲ್ವಾ? ನಾನವಳಿಗೆ ನೂಡಲ್ಸ್ ಬಾಕಿ ಇಟ್ಕೊಂಡಿದೀನಿ. ಸೆಂಡಾಫ್ ಆದ ಮೇಲೆ ಟೈಮೇ ಆಗ್ಲಿಲ್ಲ, ಶಿಬಿರ ಶುರುವಾಗೋಯ್ತು."

"ಸೆಂಡಾಫ್ ಆದ ಮೇಲೆ?" ಮ್ಯೊಂಗ್‌ಹೀ ದನಿ ತನಗೇ ಬೇರೆಯವರದ್ದಾಗಿ ಕೇಳಿಸಿತು. "ಸೆಂಡಾಫ್ ಆಗಿದ್ದು ಈ ತಿಂಗಳು ಹದಿನಾಲ್ಕಕ್ಕೆ."

"ಇಲ್ಲ ಇಲ್ಲ. ಡಿಸೆಂಬರಲ್ಲಿ! ಶಾಲೆ ಮುಗಿದ ದಿನ. ನಾನೇ ಹೂವು ಕೊಟ್ನಲ್ಲ, ನೀವು ನೋಡಿದ್ರಲ್ಲ?"

ನೋಡಿದ್ದಳು. ಎಲ್ಲರೂ ನೋಡಿದ್ದರು. ಡಿಸೆಂಬರ್ ಕೊನೆಯಲ್ಲಿ ಚಳಿಗಾಲದ ರಜೆಗೆ ಶಾಲೆ ಬಿಟ್ಟ ದಿನ ನೊಲುಂಡಿ ಒಂದು ಮಡಿಲು ಹಳದಿ ಹೂವು ತಂದು ಬೊರಾಮಳ ಕೈಗಿಟ್ಟು ತಬ್ಬಿಕೊಂಡಿದ್ದಳು. ಫೆಬ್ರವರಿಯಲ್ಲಿ ತಾನಿರುವುದಿಲ್ಲವಲ್ಲ, ಅದಕ್ಕೆ ಮುಂಗಡವಾಗಿ ಕೊಟ್ಟು ಕೈ ತೊಳೆದುಕೊಳ್ಳುತ್ತಿದ್ದಾಳೆ ಎಂದು ಮ್ಯೊಂಗ್‌ಹೀ ಮೂಗು ಮುರಿದಿದ್ದಳು. ಇವಳ ದೇಶದಲ್ಲಿ ಶಾಲೆಯ ವರ್ಷ ಡಿಸೆಂಬರಿಗೇ ಮುಗಿಯುತ್ತದೆ ಎಂಬುದು ಯಾರಿಗೆ ಹೊಳೆಯಬೇಕು? ಇಲ್ಲಿ ಅದು ಫೆಬ್ರವರಿಯವರೆಗೆ ಎಳೆಯುತ್ತದೆ ಎಂಬುದು ಇವಳಿಗೆ ಹೇಗೆ ಹೊಳೆಯಬೇಕು? ಬಂದು ನಾಲ್ಕೇ ತಿಂಗಳಾಗಿತ್ತು.

ಅಂದರೆ ಇವಳು ಕೊಟ್ಟ ಮಾತು ನಡೆಸಿದ್ದಳು. ಇವಳ ಲೆಕ್ಕದಲ್ಲಿ ಪೂರ್ತಿಯಾಗಿ ನಡೆಸಿದ್ದಳು.

ಮ್ಯೊಂಗ್‌ಹೀ ಲಾರಿಯ ಪಕ್ಕ ಉಳಿದಿದ್ದ ಒಂದು ಪುಟ್ಟ ಕುರ್ಚಿಯ ಮೇಲೆ ಕೂತಳು. ಹದಿನಾಲ್ಕನೇ ತಾರೀಕು ಕಣ್ಣ ಮುಂದೆ ಬಂತು. ವೇದಿಕೆ, ಒಬ್ಬಳೇ ವಿದ್ಯಾರ್ಥಿನಿ, ಮನೆಯವರಿಗೆಂದು ಹಾಕಿದ್ದ ಮೂರು ಕುರ್ಚಿಯಲ್ಲಿ ಒಂದರಲ್ಲಿ ಅಜ್ಜಿ. ಬೊರಾಮ್ ಮತ್ತೆ ಮತ್ತೆ ಗೇಟಿನ ಕಡೆ ನೋಡುತ್ತಿದ್ದಳು. ಮ್ಯೊಂಗ್‌ಹೀ ಅವಳ ಕಿವಿಯ ಹತ್ತಿರ ಬಗ್ಗಿ, "ಕಾಯ್ಬೇಡ ಪುಟ್ಟಾ. ಅವಳಿಗೆ ಎಲ್ಲ ಗೊತ್ತಿತ್ತು. ಗೊತ್ತಿದ್ದೇ ಹೋದ್ಲು. ಪರದೇಶದವರಿಗೆ ಕರಾರು, ರಜೆ, ಇಷ್ಟೇ. ಮಾತು ಕೊಡೋದು ಬಾಯಿ ಚಪಲಕ್ಕೆ" ಎಂದಿದ್ದಳು. ಸಮಾಧಾನ ಮಾಡುತ್ತಿದ್ದೇನೆ ಎಂದೇ ಅಂದುಕೊಂಡಿದ್ದಳು. ಬೊರಾಮ್ ತಲೆ ಬಗ್ಗಿಸಿ "ಹೂಂ ಟೀಚರ್" ಎಂದಿದ್ದಳು.

"ಅವಳು ಊರಲ್ಲಿಲ್ಲ" ಎಂದ ತಾಕ್ ಅಣ್ಣ, ನೊಲುಂಡಿಗೆ ಅರ್ಥವಾಗಲೆಂದು ಕೈಸನ್ನೆ ಮಾಡುತ್ತ. "ಅಪ್ಪನ ಹತ್ರ ಹೋದ್ಲು. ಅಜ್ಜಿಗೆ ಕೈಲಾಗಲ್ಲ ನೋಡಿ, ವೃದ್ಧಾಶ್ರಮಕ್ಕೆ ಸೇರಿಸಿದ್ರು. ಮನೆಗೆ ಬೀಗ."

ನೊಲುಂಡಿಯ ಕೈಯಿಂದ ಚೀಲ ಜಾರಿತು. ಮಣಿಸರಗಳು ಅಂಗಳದ ಮಣ್ಣಿಗೆ ಬಿದ್ದವು. ಅವಳು ಎತ್ತಿಕೊಳ್ಳಲಿಲ್ಲ.

"ಫೋನ್ ಮಾಡಿ ಟೀಚರಮ್ಮ" ಎಂದ ತಾಕ್ ಅಣ್ಣ. "ನೀವೇ ಮಾಡ್ಬೇಕು."

ಮಾಡಬೇಕು, ನಿಜ. ಮಗುವಿನ ಕಿವಿಗೆ ತಾನೇ ತುಂಬಿದ ಸುಳ್ಳನ್ನು ತಾನೇ ತೆಗೆಯಬೇಕು. ಮ್ಯೊಂಗ್‌ಹೀ ನಂಬರ್ ಒತ್ತಿ, ನೊಲುಂಡಿಗೂ ಕೇಳಲೆಂದು ಸ್ಪೀಕರ್ ಹಾಕಿ ತೊಡೆಯ ಮೇಲಿಟ್ಟುಕೊಂಡಳು.

"ಹಲೋ, ಟೀಚರ್?" ಹಿಂದೆ ಎಲ್ಲೋ ಟಿವಿ ಓಡುತ್ತಿತ್ತು.

"ಊಟ ಆಯ್ತಾ ಪುಟ್ಟಾ? ನೋಡು, ನಾನು ಒಂದು ತಪ್ಪು ಮಾತಾಡಿದ್ದೆ. ನೊಲುಂಡಿ ಟೀಚರಿಗೆ ಗೊತ್ತಿರಲಿಲ್ಲ ಕಣೇ. ಡಿಸೆಂಬರಲ್ಲಿ ಹೂವು ಕೊಟ್ರಲ್ಲ, ಅದೇ ನಿನ್ನ ಸೆಂಡಾಫ್ ಅಂದ್ಕೊಂಡುಬಿಟ್ಟಿದ್ರು. ಬೇಕೂಂತ ಬಿಟ್ಟು ಹೋಗಿದ್ದಲ್ಲ. ಕೇಳಿಸ್ತಾ?"

"ಗೊತ್ತು ಟೀಚರ್."

"ಏನು ಗೊತ್ತು?"

"ಅವರು ಹಾಗಂದ್ಕೊಂಡಿದ್ರು ಅಂತ. ಹೂವು ಕೊಡ್ತಾ ಕೇಳಿದ್ರು, ಇವತ್ತೇ ತಾನೆ ನಿನ್ನ ಸೆಂಡಾಫು ಅಂತ. ನಾನು ಹೂಂ ಅಂದೆ."

ಲಾರಿಯವನು ಇಂಜಿನ್ ನಿಲ್ಲಿಸಿದ. 

"ಹೂಂ ಅಂದ್ಯಾ? ಯಾಕೆ?"

"ಅಲ್ಲ ಅಂದಿದ್ರೆ ಅವರು ಊರಿಗೆ ಹೋಗ್ತಿರ್ಲಿಲ್ಲ. ಟಿಕೆಟ್ ಕ್ಯಾನ್ಸಲ್ ಮಾಡ್ಬಿಡ್ತಿದ್ರು. ಅವರ ಪಾಪು ಲಿತಾ ಇದಾಳಲ್ಲ, ನಾಲ್ಕು ವರ್ಷದ್ದು, ಫೋನಲ್ಲಿ ಅವರನ್ನ ನೋಡಿ ಇದ್ಯಾರು ಅಂತ ಅಜ್ಜೀನ ಕೇಳ್ತಾಳಂತೆ. ಕ್ಲಾಸಲ್ಲಿ ಹೇಳಿದ್ರು. ನಮ್ಮಪ್ಪಂಗೂ ಪ್ರತಿ ಹಬ್ಬಕ್ಕೂ ರಜೆ ಕ್ಯಾನ್ಸಲ್ ಆಗುತ್ತೆ ಟೀಚರ್. ಆವಾಗ ಹೇಗಿರುತ್ತೆ ಅಂತ ನಂಗೊತ್ತು."

ನೊಲುಂಡಿಗೆ ಕೊರಿಯಾ ಮಾತು ಅರೆಬರೆ. ಆದರೆ ಲಿತಾ ಎಂಬ ಹೆಸರು ಕೇಳಿ ಅವಳು ಫೋನಿನ ಹತ್ತಿರ ಬಂದು ಮಣ್ಣಿನಲ್ಲೇ ಕೂತಿದ್ದಳು. ಒಂದೊಂದೇ ಮಾತು ಅವಳಿಗೆ ತಲುಪುತ್ತಿರುವುದು ಮುಖದಲ್ಲಿ ಕಾಣುತ್ತಿತ್ತು.

"ಮತ್ತೆ ಅವತ್ತು ಗೇಟ್ ಕಡೆ ನೋಡ್ತಾನೇ ಇದ್ಯಲ್ಲೇ?"

"ಅದು ಅಪ್ಪನ್ನ. ಈ ಸಲ ಖಂಡಿತ ರಜೆ ಸಿಗುತ್ತೆ ಅಂದಿದ್ರು."

ಮ್ಯೊಂಗ್‌ಹೀ ಫೋನಿನ ಮೇಲೆ ಬಗ್ಗಿದಳು. "ನಾನು ಅವರನ್ನ ಅಷ್ಟು ಕೆಟ್ಟದಾಗಿ ಅಂದಾಗ ಬಾಯಿ ಬಿಡಬಾರದಿತ್ತಾ? ಹಾಗಲ್ಲ ಟೀಚರ್ ಅಂತ ಒಂದು ಮಾತು ಹೇಳಬಾರದಿತ್ತಾ ಪುಟ್ಟಾ?"

ಆ ಕಡೆ ಟಿವಿಯ ಸದ್ದು ಕಮ್ಮಿಯಾಯಿತು. 

"ಹೇಳಿದ್ರೆ ನೀವು ಅವತ್ತೇ ಫೋನ್ ಮಾಡಿ ಅವರಿಗೆ ಹೇಳಿಬಿಡ್ತಿದ್ರಿ ಟೀಚರ್. ಆಮೇಲೆ ಅವರು ಲಿತಾ ಹತ್ರ ಕೂತು ಅಳ್ತಿದ್ರು. ಇಲ್ಲಾ ವಾಪಸ್ ಬಂದ್ಬಿಡ್ತಿದ್ರು."

ಹೌದು. ಮಾಡುತ್ತಿದ್ದಳು. ಅದೇ ಕ್ಷಣ, ವೇದಿಕೆಯ ಪಕ್ಕದಲ್ಲೇ ನಿಂತು ಮಾಡುತ್ತಿದ್ದಳು, ಅದೂ ನ್ಯಾಯ ಮಾಡುತ್ತಿದ್ದೇನೆ ಎಂಬ ಜಂಬದಲ್ಲಿ. ಇಪ್ಪತ್ತೆರಡು ವರ್ಷ ಮಕ್ಕಳಿಗೆ ಪಾಠ ಹೇಳಿದ ತನ್ನನ್ನು ಈ ಹನ್ನೆರಡು ವರ್ಷದ ಹುಡುಗಿ ಇಷ್ಟು ಸರಿಯಾಗಿ ಓದಿಕೊಂಡಿದ್ದಾಳೆ ಎಂಬುದು ಮ್ಯೊಂಗ್‌ಹೀಗೆ ಕೆನ್ನೆಗೆ ಬಾರಿಸಿದ ಹಾಗಾಯಿತು. 

"ಟೀಚರ್, ಅವರು ಅಲ್ಲೇ ಇದಾರಾ? ಲಿತಾ ಗುರುತು ಹಿಡಿದ್ಲಾ ಕೇಳಿ."

ಮ್ಯೊಂಗ್‌ಹೀ ಕೇಳಬೇಕಾಗಲಿಲ್ಲ. ನೊಲುಂಡಿ ಎರಡೂ ಕೈಯಲ್ಲಿ ಫೋನೆತ್ತಿ ಬಾಯಿಯ ಹತ್ತಿರ ಹಿಡಿದಳು.

"ಮೊದ್ಲು ಇಲ್ಲ" ಎಂದಳು, ಪದ ಹುಡುಕುತ್ತ. "ಒಂದು ವಾರ ಅಜ್ಜಿ ಹಿಂದೆ ಅಡಗಿ ಅಡಗಿ. ಆಮೇಲೆ ಬಂದ್ಲು. ಮಡಿಲಲ್ಲಿ ಮಲಗಿದ್ಲು. ಅಮ್ಮ ಅಂದ್ಲು."

"ಯಾವತ್ತು?" ಬೊರಾಮ್ ಕೇಳಿದಳು.

"ಹದಿನಾಲ್ಕಕ್ಕೆ."

"ಸರಿ ಹಾಗಾದ್ರೆ" ಎಂದಳು ಬೊರಾಮ್.