ಹೊಗೆ ಕುಡಿದ ದ್ರಾಕ್ಷಿ

"ಮೂತಿಗೆ ಬಟ್ಟೆ ಸುತ್ಕೊಂಡು ಕಳ್ಳಿ ಥರ ಕೂತಿದೀಯಲ್ಲೇ, ಬಿಚ್ಚೇ ಅದನ್ನ. ಬಂದೋರು ನೋಡಿದ್ರೆ ಇಲ್ಲೇನೋ ವಿಷ ಕಾಯಿಸ್ತಾರೆ ಅನ್ಕೊಳ್ಳಲ್ವಾ ದರಿದ್ರ ಮುಂಡೇದೇ."

ಮೇಸ್ತ್ರಿ ಬೈದು ಮುಂದೆ ಹೋದ. ಬಾಗಿಲಕ್ಕ ಮೂಗಿನ ಬಟ್ಟೆ ಬಿಚ್ಚಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಗಂಧಕದ ಹೆಂಟೆಯನ್ನು ಮತ್ತೆ ಕಲ್ಲಿನಿಂದ ಕುಟ್ಟತೊಡಗಿದಳು. ಹೆಂಗಸರು ಒಣದ್ರಾಕ್ಷಿಯ ತಟ್ಟೆಗಳನ್ನು ಕೋಣೆಯೊಳಗೆ ಜೋಡಿಸಿ ಹೊರಗೆ ಬಂದ ಮೇಲೆ, ಬಾಣಲೆಯಲ್ಲಿ ಗಂಧಕಕ್ಕೆ ಬೆಂಕಿಯಿಟ್ಟು ಬಾಗಿಲೆಳೆದು ಅಗುಳಿ ಹಾಕುವುದು ಅವಳ ಕೆಲಸ. ಆ ಹೆಸರು ಬಿದ್ದಿದ್ದೂ ಅದಕ್ಕೇ. ಈ ಹೊಗೆ ಕುಡಿದರೆ ದ್ರಾಕ್ಷಿಗೆ ಬಂಗಾರದ ಬಣ್ಣ ನಿಲ್ಲುತ್ತದೆ. ಕುಡಿಯದಿದ್ದರೆ ಪೊಟ್ಟಣದೊಳಗೇ ಮೆಲ್ಲಗೆ ಕಪ್ಪಾಗುತ್ತದೆ. ದೊಡ್ಡ ಅಂಗಡಿಗಳಲ್ಲಿ ಗಾಡಿ ತಳ್ಳಿಕೊಂಡು ಬರುವವರು ಕಪ್ಪನ್ನು ಮುಟ್ಟುವುದಿಲ್ಲ.

ಕೋಣೆಗಳಲ್ಲಿ ದೀಪವಿರಲಿಲ್ಲ. ತಂತಿಗಳನ್ನೆಲ್ಲ ಗಂಧಕ ತಿಂದು ಹಾಕಿ ವರ್ಷಗಳಾಗಿದ್ದವು. ತಲೆಗಿಂತ ಎತ್ತರದ ತಟ್ಟೆಸಾಲಿನ ಹಿಂದೆ ಯಾರಿದ್ದರೂ ಕಣ್ಣಿಗೆ ಬೀಳುತ್ತಿರಲಿಲ್ಲ. ಅದಕ್ಕೇ ಹೆಂಗಸರು ತಮ್ಮಷ್ಟಕ್ಕೆ ಒಂದು ರೂಢಿ ಮಾಡಿಕೊಂಡಿದ್ದರು. ಒಳಗೆ ಹೋಗುವುದು ಬರಿಗಾಲಲ್ಲಿ, ಚಪ್ಪಲಿ ಹೊಸ್ತಿಲ ಹೊರಗೆ. ಚಪ್ಪಲಿ ಇದ್ದರೆ ಒಳಗೆ ಜನ ಇದ್ದಾರೆ ಎಂದರ್ಥ. ಬಾಗಿಲಕ್ಕ ಹೊಸ್ತಿಲು ನೋಡಿ, ಒಮ್ಮೆ ಕೂಗು ಹಾಕಿ, ಆಮೇಲೆ ಕಡ್ಡಿ ಗೀರುತ್ತಿದ್ದಳು.

ಇವತ್ತು ಮೊದಲ ಕೋಣೆಯ ಹೊಸ್ತಿಲು ತೊಳೆದಿಟ್ಟ ಹಾಗೆ ಖಾಲಿಯಿತ್ತು. ಅವಳು ಕೂಗಲು ಬಾಯಿ ತೆರೆದಳು.

"ಏಯ್, ಸಂತೆ ಮಾಡ್ಬೇಡ. ದೊಡ್ಡ ಅಂಗಡಿಯೋರು ಧಣಿ ಜೊತೆ ಅಂಗಳಕ್ಕೇ ಬಂದಿದಾರೆ. ಬಾಯಿ ಮುಚ್ಕೊಂಡು ಕೆಲಸ ಮಾಡು," ಎಂದ ಮೇಸ್ತ್ರಿ.

ಬಾಯಿ ಮುಚ್ಚಿದಳು. ಬೆಂಕಿಯಿಟ್ಟಳು. ಅಗುಳಿ ಹಾಕಿದಳು.

ನಲ್ಲಿಯ ಹತ್ತಿರ ಕೈ ತೊಳೆಯುತ್ತಿದ್ದಾಗ ತಟ್ಟೆ ತೊಳೆಯುವ ಬಾಯಿಬಡುಕಿ ಬಂದಳು. "ಅಕ್ಕಾ, ನನ್ ಚಪ್ಪಲಿ ಕಂಡ್ಯಾ? ಆ ಹಡಬೆ ಮೇಸ್ತ್ರಿ ಎಲ್ಲಾನೂ ಗೋಣಿಗೆ ತುಂಬಿಸಿ ಕಕ್ಕಸಿನ ಹಿಂದೆ ಹಾಕ್ಸಿದ್ನಂತೆ. ನಮ್ ಚಪ್ಪಲಿ ನೋಡಿದ್ರೆ ಅವ್ರಿಗೆ ದ್ರಾಕ್ಷಿ ಗಂಟಲಲ್ಲಿ ಇಳಿಯಲ್ವಂತೆ."

"ಎಲ್ಲಾರ ಚಪ್ಪಲೀನಾ?"

"ಹ್ಞೂಂ ಮತ್ತೆ. ನಿನ್ ತಂಗಿ ಹೊಸಾ ಜೊತೇನೂ ಅದ್ರಲ್ಲೇ ಹೋಯ್ತು. ಗೊತ್ತಾದ್ರೆ ರಂಪ ಮಾಡ್ತಾಳೆ ನೋಡು. ಎಲ್ಲಿ ಅವ್ಳು?"

ನೀರು ಕೈಮೇಲೆ ಸುರಿಯುತ್ತಲೇ ಇತ್ತು. ಬಾಗಿಲಕ್ಕ ಅಂಗಳದ ತುಂಬ ಕಣ್ಣು ಹಾಯಿಸಿದಳು. ಕೋಣೆಯೊಳಗೆ ತಟ್ಟೆ ಜೋಡಿಸುವ ತಂಗಿ ಎಲ್ಲೂ ಇರಲಿಲ್ಲ.

ಅವಳು ಓಡಿದಳು. ಅಗುಳಿಗೆ ಕೈಯಿಡುವಷ್ಟರಲ್ಲಿ ಮೇಸ್ತ್ರಿ ಅಡ್ಡ ನಿಂತ. "ಈಗ ತೆಗೀಬೇಡ ಕಣೇ. ಹೊಗೆಯೆಲ್ಲಾ ಅವ್ರ ಮುಖಕ್ಕೇ ಹೊಡೆಯುತ್ತೆ. ಆ ಕಡೆ ಹೋಗ್ಲಿ, ಒಂದು ಗಳಿಗೆ."

"ಒಳಗೆ ನನ್ ತಂಗಿ ಇದಾಳೆ ಕಣೋ."

"ಇದ್ದಿದ್ರೆ ಕೂಗ್ತಿರ್ಲಿಲ್ವಾ?"

ಅವನ ತೋಳಿಗೆ ಹಲ್ಲೂರಿ ಕಚ್ಚಿದಳು. ಅವನು ಕೈ ಎಳೆದುಕೊಂಡ. ಬಾಗಿಲು ತೆರೆಯಿತು.

ತಂಗಿ ಬಾಗಿಲ ಬುಡದಲ್ಲೇ ಮುದುಡಿ ಬಿದ್ದಿದ್ದಳು. ಬಾಗಿಲ ಒಳಮೈ ಮೇಲೆ ಹೊಸ ಗೀರುಗಳಿದ್ದವು. ಉಸಿರು ಇತ್ತು, ಆದರೆ ಒದ್ದೆ ಗೋಣಿಯನ್ನು ನೆಲದ ಮೇಲೆ ಎಳೆದ ಹಾಗೆ ಸದ್ದು ಮಾಡುತ್ತಿತ್ತು. ಬಾಗಿಲಕ್ಕ ಅವಳ ಮುಖ ತೊಳೆದಳು, ರೆಪ್ಪೆ ಬಿಡಿಸಲು ನೋಡಿದಳು. ಬಿಡಿಸಲಾಗಲಿಲ್ಲ.

ಹಿಂದಿನ ಗೋದಾಮಿನಲ್ಲಿ ಖಾಲಿ ಡಬ್ಬಗಳ ರಟ್ಟಿನ ಮೇಲೆ ತಂಗಿಯನ್ನು ಮಲಗಿಸಿದರು. ಧಣಿ ಬಂದು, ದೂರವೇ ನಿಂತ.

"ಆಸ್ಪತ್ರೆಗೆ ಕಳಿಸಿ, ಧಣೀ."

"ಕಳಿಸ್ದೆ ಇರ್ತೀನಾ? ಗೇಟಿಗೆ ಅಡ್ಡ ಅವ್ರ ಕಾರುಗಳು ನಿಂತಿವೆ. ಊಟ ಮುಗಿಸಿ ಹೊರಡ್ಲಿ." ಆಮೇಲೆ ದನಿ ತಗ್ಗಿಸಿದ. "ನೋಡಮ್ಮ, ಬಾಗಿಲು ಹಾಕಿದ್ದು ನಾನಲ್ಲ, ಮೇಸ್ತ್ರೀನೂ ಅಲ್ಲ. ನಾಳೆ ಯಾರಾದ್ರೂ ಕೇಳ್ಕೊಂಡು ಬಂದ್ರೆ ನಿನ್ನ ನಾನೇ ಉಳಿಸ್ಬೇಕು. ಅವಳಿಗೆ ಮೊದಲಿಂದ್ಲೂ ದಮ್ಮಿತ್ತು. ತಿಳೀತಾ?"

ಗೋಡೆಯಾಚೆ ಯಾರೋ ನಕ್ಕರು. ಊಟ ಮುಗಿಸಿ ಬಂದವರಲ್ಲಿ ಒಬ್ಬಳು ಒಂದು ದ್ರಾಕ್ಷಿಯನ್ನು ಬೆರಳ ತುದಿಯಲ್ಲಿ ಬೆಳಕಿಗೆ ಹಿಡಿದು, "ಬಣ್ಣ ಅಂದ್ರೆ ಹೀಗಿರ್ಬೇಕು," ಎಂದದ್ದು ಗೋದಾಮಿನವರೆಗೂ ಕೇಳಿಸಿತು.

ಕಾರುಗಳು ಹೋದ ಮೇಲೆ ಡಬ್ಬ ಸಾಗಿಸುವ ವ್ಯಾನು ಬಂತು. ಬಾಯಿಬಡುಕಿ ತಂಗಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಬಾಗಿಲಕ್ಕ ಹತ್ತಲು ಕಾಲೆತ್ತಿದಾಗ ಮೇಸ್ತ್ರಿ ರಟ್ಟೆ ಹಿಡಿದು ಕೆಳಗೆ ಜಗ್ಗಿದ.

"ನೀನೆಲ್ಲಿಗೆ? ನಾಳೆ ಲಾರಿ ಹೊರಡುತ್ತೆ. ಉಳಿದ ಕೋಣೆ ನಿಮ್ಮಪ್ಪ ಬಂದು ಹೊತ್ತಿಸ್ತಾನಾ? ಇವತ್ತು ಕೆಲಸ ಬಿಟ್ಟು ಓಡಿದ್ರೆ, ತಪ್ಪು ಮಾಡಿ ಓಡಿದ್ಲು ಅಂತಾರೆ. ಹೊತ್ತಿಸಿ ಆಮೇಲೆ ಎಲ್ಲಿ ಬೇಕಾದ್ರೂ ಸಾಯಿ."

ವ್ಯಾನು ಗೇಟು ದಾಟಿತು. ಬಾಗಿಲಕ್ಕ ತನ್ನ ಕೈಗಳನ್ನು ನೋಡಿಕೊಂಡಳು. ಅಗುಳಿ ಹಾಕಿದ್ದು ಈ ಕೈಯೇ. ಅದರಲ್ಲಿ ಸುಳ್ಳಿಲ್ಲ. ತಂಗಿ ಉಳಿದರೂ, ಉಳಿಯದಿದ್ದರೂ, ಇನ್ನು ಮೇಲೆ ಅನ್ನ ಕಲಸುವಾಗ, ತಲೆ ಬಾಚುವಾಗ, ಅದು ಈ ಕೈಯಲ್ಲೇ ಇರುತ್ತದೆ. ಆದರೆ ಈ ಕೈಯಿಂದ ಮಾಡಿಸಿದವರು ಯಾರು ಎಂದು ಯಾರೂ ಕೇಳುವುದಿಲ್ಲ. ದಮ್ಮಿತ್ತು ಅನ್ನುತ್ತಾರೆ, ಅಲ್ಲಿಗೆ ಮುಗಿಯಿತು.

ಅವಳು ಗಂಧಕದ ಬಾಣಲೆ ಹಿಡಿದು ಎರಡನೇ ಕೋಣೆಗೆ ಹೋದಳು. ಕತ್ತಲಲ್ಲಿ ಕೈಯಾಡಿಸುತ್ತ ಒಂದೊಂದು ಸಾಲಿನ ಹಿಂದೂ ಗೋಡೆ ಮುಟ್ಟುವವರೆಗೆ ನಡೆದಳು. ಯಾರೂ ಇರಲಿಲ್ಲ. ಹೊರಗೆ ಬಂದು ಬಾಣಲೆಯನ್ನು ಚರಂಡಿಗೆ ಬಗ್ಗಿಸಿದಳು. ಹಳದಿ ಪುಡಿ ದ್ರಾಕ್ಷಿ ತೊಳೆದ ನೀರಿನ ಜೊತೆ ಹರಿದು ಹೋಯಿತು. ಖಾಲಿ ಬಾಣಲೆಯನ್ನು ಒಳಗಿಟ್ಟು ಅಗುಳಿ ಎಳೆದಳು. ಮೂರನೆಯದಕ್ಕೂ ಹಾಗೇ ಮಾಡಿದಳು. ಅದರಾಚೆಯವಕ್ಕೂ ಹಾಗೇ. ಅಂಗಳದಲ್ಲಿ ಮೊದಲ ಕೋಣೆಯ ಹೊಗೆಯ ಗಾಟು ಇನ್ನೂ ಕವಿದಿತ್ತು. ಯಾವ ಕೋಣೆಯದೆಂದು ಯಾರ ಮೂಗಿಗೂ ತಿಳಿಯುವಂತಿರಲಿಲ್ಲ.

"ಎಲ್ಲಾ ಹೊತ್ತಿಸಿದ್ಯಾ?" ಮೇಸ್ತ್ರಿ ಕಚ್ಚಿಸಿಕೊಂಡ ತೋಳು ಉಜ್ಜಿಕೊಳ್ಳುತ್ತ ಕೇಳಿದ.

"ಬಾಗಿಲು ಹಾಕಿದೀನಿ."

ಅವನು ಸಾಲಾಗಿ ಬಿದ್ದಿದ್ದ ಅಗುಳಿಗಳನ್ನು ದೂರದಿಂದಲೇ ನೋಡಿ ತಲೆಯಾಡಿಸಿದ. ಅವಳು ಬರಿಗಾಲಲ್ಲೇ ಆಸ್ಪತ್ರೆಯ ದಾರಿ ಹಿಡಿದಳು.